ತೆರೆದ ರ‍್ಯಾಂಪಿನ ಒಳಗೆ: ಅಕಾಡೆಮಿಯ 1/35 ಎಂ113ಎ1 ಕಿಟ್‌ನ ವಿಮರ್ಶೆ

ಒಳಭಾಗವನ್ನೂ ಕೊಡುತ್ತೇವೆಂದು ಪೆಟ್ಟಿಗೆಯ ಮೇಲೆ ಸಾರುವ ಯುದ್ಧವಾಹನಗಳ ಕಿಟ್‌ಗಳಲ್ಲಿ, ಅಂದರೆ ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಪ್ಲಾಸ್ಟಿಕ್ ಮಾದರಿಗಳಲ್ಲಿ, ಹೆಚ್ಚಿನವು, ಕಟ್ಟಿದವನೊಬ್ಬನಿಗೆ ಬಿಟ್ಟರೆ ಇನ್ನಾರಿಗೂ ಕಾಣದ ಕೆಲಸವನ್ನು ಬೇಡುತ್ತವೆ. ಜರ್ಮನಿಯ ಟೈಗರ್ ಟ್ಯಾಂಕಿನ ಒಳಗೆ 88 ಮಿ.ಮೀ. ತೋಪಿನ 92 ಶೆಲ್‌ಗಳಿಗೆ ಗೂಡುಗಳಿದ್ದವು. ಅವನ್ನೆಲ್ಲ ಒಂದೊಂದಾಗಿ ಅಂಟಿಸಿ, ಬಣ್ಣ ಹಚ್ಚಿ, ಕೊನೆಗೆ ಗೋಪುರವನ್ನು ಕೂರಿಸಿದ ಮೇಲೆ, ನೋಡಲು ಉಳಿಯುವುದು ಕೆಲವು ಸಣ್ಣ ಹ್ಯಾಚ್‌ಗಳ (ಮುಚ್ಚಳವಿರುವ ಕಿಂಡಿಗಳ) ಕತ್ತಲೆ ಮಾತ್ರ. ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲ್ಭಾಗ ಕೊಟ್ಟು ಈ ತೊಡಕನ್ನು ಬಿಡಿಸಲು ಕೆಲವು ತಯಾರಕರು ಯತ್ನಿಸಿದ್ದಾರೆ. ಅದರಿಂದ ಒಳಭಾಗ ಕಾಣುತ್ತದೆ ನಿಜ, ಆದರೆ ವಾಹನ ವಾಹನವಾಗಿ ಉಳಿಯುವುದಿಲ್ಲ. ಸೈನಿಕರನ್ನು ಹೊತ್ತೊಯ್ಯುವ ಅಮೆರಿಕದ ಎಂ113 ಮಾತ್ರ ಈ ಪೈಕಿಯದಲ್ಲ. ಅದರ ಹಿಂಬದಿಯ ಗೋಡೆಯ ಬಹುಭಾಗವೇ ಕೆಳಕ್ಕೆ ಮಡಚಿಕೊಳ್ಳುವ ರ‍್ಯಾಂಪ್, ಮಾಡಿನ ಮೇಲೆ ಅಗಲವಾದ ಇನ್ನೊಂದು ಹ್ಯಾಚ್. ಎರಡನ್ನೂ ತೆರೆದಿಟ್ಟರೆ ಚಾಲಕನ ಆಸನದ ಬೆನ್ನಿನವರೆಗೂ ಬೆಳಕು ಹೋಗುತ್ತದೆ. ಒಳಗೆ ಮಾಡಿದ ಕೆಲಸವೂ ಕಾಣುತ್ತದೆ, ಮಾಡದೆ ಬಿಟ್ಟದ್ದೂ ಕಾಣುತ್ತದೆ. ದಕ್ಷಿಣ ಕೊರಿಯಾದ ಅಕಾಡೆಮಿ ಕಂಪನಿಯ 1/35 ಅಳತೆಯ (ನಿಜದ ವಾಹನದ 35ರಲ್ಲಿ ಒಂದು ಪಾಲಿನ) ಎಂ113ಎ1, ವಿಯೆಟ್ನಾಂ ಆವೃತ್ತಿಯ ಕಿಟ್ಟನ್ನು ಒಳಭಾಗದ ನಿಖರತೆಯೊಂದನ್ನೇ ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಿದ್ದೇನೆ.

ಶಿವಮೊಗ್ಗದಲ್ಲಿ ಇಂಥ ಕಿಟ್ಟುಗಳನ್ನು ಇಟ್ಟು ಮಾರುವ ಅಂಗಡಿ ನನ್ನ ಕಣ್ಣಿಗೆ ಬಿದ್ದಿಲ್ಲ. ಬೆಂಗಳೂರಿನ ಹಾಬಿ ಅಂಗಡಿಗಳಿಂದ ಕೊರಿಯರಿನಲ್ಲಿ ತರಿಸಿಕೊಳ್ಳುವುದೇ ರೂಢಿ. ಇದು ಹಳೆಯ ಕಿಟ್. ಆಗಾಗ ಮರುಮುದ್ರಣವಾಗುವುದರಿಂದ ಸಿಗುವುದು ಕಷ್ಟವಲ್ಲ, ಮತ್ತು ಒಳಭಾಗವಿರುವ ಇಂದಿನ ಹೊಸ ಕಿಟ್‌ಗಳ ಬೆಲೆಯ ಪಕ್ಕದಲ್ಲಿ ಇದರ ಬೆಲೆ ಬಲು ಕಡಿಮೆ. ಬೆಲೆಯ ಮಾತು ಇಷ್ಟು ಸಾಕು.

ಕಿಟ್ಟಿನ ಗುಣದೋಷಗಳನ್ನು ತೂಗಬೇಕಾದರೆ ಮೊದಲು ಮೂಲ ವಾಹನವನ್ನು ಅರಿಯಬೇಕು. ಎಂ113 ಅಮೆರಿಕದ ಸೇನೆಯನ್ನು ಸೇರಿದ್ದು 1960ರಲ್ಲಿ. ತಯಾರಕರು ಎಫ್‌ಎಂಸಿ ಎಂಬ ಅಮೆರಿಕದ ಕಂಪನಿ. ಉಕ್ಕಿನ ಬದಲು ಅಲ್ಯೂಮಿನಿಯಂ ತಟ್ಟೆಗಳಿಂದ ಬೆಸೆದ ಒಡಲು ಇದರ ಹೆಗ್ಗುರುತು. ಹಗುರವಾದ್ದರಿಂದ ವಿಮಾನದಲ್ಲಿ ಸಾಗಿಸಬಹುದು, ಹೊಳೆಯಲ್ಲಿ ತೇಲಿಸಬಹುದು. ಚಾಲಕ ಮುಂಭಾಗದ ಎಡಕ್ಕೆ, ಅವನ ಬಲಕ್ಕೆ ಎಂಜಿನ್, ನಡುವೆ ಕಮಾಂಡರ್, ಹಿಂದೆ 11 ಮಂದಿ ಸೈನಿಕರು. ಮೊದಲ ಎಂ113ಕ್ಕೆ ಪೆಟ್ರೋಲ್ ಎಂಜಿನ್ ಇತ್ತು. ಗುಂಡು ಅಥವಾ ನೆಲಬಾಂಬು ತಗುಲಿದರೆ ಪೆಟ್ರೋಲ್ ಹೊತ್ತಿಕೊಳ್ಳುವ ಭಯ ಹೆಚ್ಚಾದ್ದರಿಂದ 1964ರ ಸುಮಾರಿಗೆ ಡೆಟ್ರಾಯಿಟ್ ಡೀಸೆಲ್ ಕಂಪನಿಯ 6ವಿ53 ಎಂಬ ಆರು ಸಿಲಿಂಡರಿನ, ಎರಡು ಸ್ಟ್ರೋಕಿನ ಎಂಜಿನ್ನನ್ನು ಕೂರಿಸಿದರು. ಎ1 ಎಂದು ಕರೆಯುವುದು ಈ ಎಂಜಿನ್ ಇರುವ ವಾಹನವನ್ನೇ. 1963ರ ಜನವರಿಯಲ್ಲಿ ಆಪ್ ಬಾಕ್ ಎಂಬಲ್ಲಿ ನಡೆದ ಕಾಳಗದಲ್ಲಿ, ಮೇಲಿನ ಮೆಷಿನ್‌ಗನ್ನಿನ ಹಿಂದೆ ಎದೆಯವರೆಗೂ ಬಯಲಿಗೆ ನಿಂತಿದ್ದ ದಕ್ಷಿಣ ವಿಯೆಟ್ನಾಮಿನ ಗನ್ನರ್‌ಗಳು ಒಬ್ಬರ ಹಿಂದೊಬ್ಬರು ಬಿದ್ದರು. ಗನ್ನಿನ ಸುತ್ತ ಕವಚದ ಫಲಕ ಬಂದದ್ದು ಆ ಪಾಠದಿಂದ. ಪಕ್ಕಗಳಲ್ಲಿ ಇನ್ನೆರಡು ಎಂ60 ಮೆಷಿನ್‌ಗನ್‌ಗಳೂ ಅವುಗಳ ಫಲಕಗಳೂ ಸೇರಿ ಎಸಿಎವಿ (ಆರ್ಮರ್ಡ್ ಕ್ಯಾವಲ್ರಿ ಅಸಾಲ್ಟ್ ವೆಹಿಕಲ್) ಎಂಬ ರೂಪ ಸಿದ್ಧವಾಯಿತು. 1966ರಲ್ಲಿ ವಿಯೆಟ್ನಾಮಿಗೆ ಬಂದಿಳಿದ ಅಮೆರಿಕದ 11ನೇ ಆರ್ಮರ್ಡ್ ಕ್ಯಾವಲ್ರಿ ರೆಜಿಮೆಂಟಿನ ಹೆಸರು ಈ ರೂಪದ ಜೊತೆಗೇ ಹೇಳಿಬರುತ್ತದೆ.

ಇಷ್ಟನ್ನೂ ಹೇಳಿದ್ದಕ್ಕೆ ಕಾರಣವಿದೆ. ಎಂ113ರ ಒಳಭಾಗಕ್ಕೆ ‘ಸರಿಯಾದ’ ರೂಪ ಒಂದೇ ಎಂಬುದಿಲ್ಲ. ವರ್ಷ, ಪಡೆ, ಊರು ಇವು ಮೂರೂ ನಿಶ್ಚಯವಾದ ಮೇಲಷ್ಟೇ ಸರಿ ತಪ್ಪುಗಳ ಪ್ರಶ್ನೆ ಏಳುತ್ತದೆ. ಕಿಟ್ಟಿನ ಸೂಚನಾಪತ್ರ ಈ ನಿಶ್ಚಯವನ್ನು ನಮ್ಮ ಪರವಾಗಿ ಮಾಡಿಕೊಡುವುದಿಲ್ಲ. ಅದು ತೋರಿಸುವುದು ಕಾರ್ಖಾನೆಯಿಂದ ಹೊರಬಂದಂತಿರುವ ವಾಹನವನ್ನು: ಎರಡು ಬದಿಗೂ ಬೆಂಚು, ನಡುವೆ ಬರಿ ನೆಲ. ಯುದ್ಧಭೂಮಿಯ ಎಸಿಎವಿಯ ಒಳಗು ಹಾಗಿರುತ್ತಿರಲಿಲ್ಲ. ನೆಲಬಾಂಬಿನ ಭಯದಿಂದ ಸೈನಿಕರು ಒಳಗೆ ಕೂರುವುದನ್ನೇ ಬಿಟ್ಟು ಮಾಡಿನ ಮೇಲೆ ಕುಳಿತು ಸಾಗುತ್ತಿದ್ದರು. ಒಳಗಿನ ನೆಲಕ್ಕೆ ಮರಳುಚೀಲ ಹಾಸಿ, ಅದರ ಮೇಲೆ ಗುಂಡಿನ ಡಬ್ಬಗಳನ್ನೂ ಆಹಾರದ ರಟ್ಟಿನ ಪೆಟ್ಟಿಗೆಗಳನ್ನೂ ಒಟ್ಟುತ್ತಿದ್ದರು. ಹೀಗಾಗಿ ಹೊರಗೆ ಕವಚಫಲಕಗಳನ್ನೆಲ್ಲ ಜೋಡಿಸಿ ಒಳಗೆ ಖಾಲಿ ಬೆಂಚುಗಳನ್ನಿಟ್ಟರೆ, ಒಂದೊಂದು ಭಾಗವೂ ತನ್ನಷ್ಟಕ್ಕೆ ಸರಿಯಾಗಿದ್ದರೂ ಒಟ್ಟು ವಾಹನ ಸುಳ್ಳಾಗುತ್ತದೆ. ಈ ಕಿಟ್ಟಿನ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ: ಇದರ ಒಳಭಾಗ ಒಂದು ಒಳ್ಳೆಯ ಅಡಿಪಾಯ, ಆದರೆ ಅಡಿಪಾಯ ಮಾತ್ರ.

ಅಡಿಪಾಯವಾಗಿ ಅದು ಗಟ್ಟಿಯಾಗಿಯೇ ಇದೆ. ಚಾಲಕನ ಜಾಗ, ಎಂಜಿನ್, ಅದನ್ನು ಸೈನಿಕರ ಭಾಗದಿಂದ ಬೇರ್ಪಡಿಸುವ ಗೋಡೆ, ನೆಲದ ಹಲಗೆಗಳು, ಬೆಂಚುಗಳು, ತೆರೆದಿಡಬಹುದಾದ ಹ್ಯಾಚ್‌ಗಳು, ರ‍್ಯಾಂಪ್, ಇವೆಲ್ಲ ಪೆಟ್ಟಿಗೆಯಲ್ಲೇ ಬರುತ್ತವೆ. ಪ್ಲಾಸ್ಟಿಕ್ಕಿನ ದಪ್ಪ ಎಲ್ಲ ಟ್ಯಾಂಕ್ ಮಾದರಿಗಳಿಗೂ ಅಂಟಿದ ಪೀಡೆ. ತೆರೆದ ಬಾಗಿಲಿನ ಅಂಚು ನಿಜಕ್ಕಿಂತ ದಪ್ಪವಾಗಿ ಕಂಡು ಅಳತೆಯ ಭ್ರಮೆಯನ್ನು ಒಡೆದುಬಿಡುತ್ತದೆ. ಎಂ113ರ ವಿಷಯದಲ್ಲಿ ಅಲ್ಯೂಮಿನಿಯಂ ನಮ್ಮ ನೆರವಿಗೆ ಬರುತ್ತದೆ. ಉಕ್ಕಿಗಿಂತ ಮೆತ್ತಗಿನ ಲೋಹವಾದ್ದರಿಂದ ಅದನ್ನು ದಪ್ಪವಾಗಿ ಬಳಸಬೇಕಾಯಿತು. ಪಕ್ಕದ ಮೇಲ್ಗೋಡೆ ಸುಮಾರು 44 ಮಿ.ಮೀ., ರ‍್ಯಾಂಪ್ 38 ಮಿ.ಮೀ. ಇವನ್ನು 35ರಿಂದ ಭಾಗಿಸಿದರೆ ಒಂದೂಕಾಲು ಮತ್ತು ಒಂದು ಮಿ.ಮೀ.ಗಳ ಆಸುಪಾಸು ಬರುತ್ತದೆ, ಅಂದರೆ ಅಚ್ಚಿನ ಪ್ಲಾಸ್ಟಿಕ್ಕಿಗೆ ಸಹಜವಾದ ದಪ್ಪವೇ. ತೆರೆದ ರ‍್ಯಾಂಪಿನ ಅಂಚನ್ನು ಕೆತ್ತಿ ತೆಳ್ಳಗೆ ಮಾಡುವ ಗೋಜಿಲ್ಲ. ಅದೇ ಮಾತನ್ನು ಬೆಂಚಿನ ಚೌಕಟ್ಟಿಗೆ ಹೇಳಲಾಗದು. ನಿಜದಲ್ಲಿ ಎರಡೂವರೆ ಸೆಂ.ಮೀ. ದಪ್ಪದ ಕೊಳವೆ ಈ ಅಳತೆಯಲ್ಲಿ 0.7 ಮಿ.ಮೀ. ಆಗಬೇಕು, ಆಸನದ ಕಾಲುಗಳನ್ನು ಕತ್ತರಿಸಿ, ಅದೇ ದಪ್ಪದ ತಂತಿಯಿಂದ ಮರುಕಟ್ಟಿದರೆ ಒಳಭಾಗದ ನೋಟ ಒಮ್ಮೆಲೇ ಹಗುರವಾಗುತ್ತದೆ.

ಎಂಜಿನ್ ಕೊಟ್ಟಿರುವುದನ್ನು ಈ ಕಿಟ್ಟಿನ ಹೆಚ್ಚುಗಾರಿಕೆಯೆಂದು ಹೇಳುವುದುಂಟು. ನನಗೆ ಆ ಉತ್ಸಾಹವಿಲ್ಲ. ಮುಂಬದಿಯ ಮುಚ್ಚಳ ತೆರೆದು, ದುರಸ್ತಿಯಲ್ಲಿರುವ ವಾಹನವಾಗಿ ತೋರಿಸುವುದಾದರೆ ಅದಕ್ಕೆ ಅರ್ಥವುಂಟು. ಆಗ ಪೈಪು, ವಯರು, ಫಿಲ್ಟರುಗಳನ್ನೆಲ್ಲ ನಾವೇ ಸೇರಿಸಬೇಕು, ಏಕೆಂದರೆ ಕಿಟ್ ಕೊಡುವುದು ಎಂಜಿನ್ನಿನ ಒಡಲನ್ನು, ಅದರ ನರನಾಡಿಗಳನ್ನಲ್ಲ. ಮುಚ್ಚಳ ಹಾಕುವುದಾದರೆ ಎಂಜಿನ್ನಿಗೆ ವ್ಯಯಿಸುವ ಸಂಜೆಗಳನ್ನು ಹಿಂದಿನ ಭಾಗಕ್ಕೆ ಕೊಡುವುದು ಮೇಲು. 1/35 ಎಂಬ ಈ ವಿಚಿತ್ರ ಅಳತೆ ಹುಟ್ಟಿದ್ದೇ ಒಳಭಾಗವನ್ನು ಬಲಿಗೊಟ್ಟು ಎಂಬುದನ್ನು ಇಲ್ಲಿ ನೆನೆಯಬಹುದು: 1960ರ ದಶಕದ ಆರಂಭದಲ್ಲಿ ಜಪಾನಿನ ತಾಮಿಯಾ ತನ್ನ ಪ್ಯಾಂಥರ್ ಟ್ಯಾಂಕಿನ ಒಡಲೊಳಗೆ ಮೋಟಾರೂ ಬ್ಯಾಟರಿಗಳೂ ಹಿಡಿಸುವಂತೆ ಗಾತ್ರವನ್ನು ಗೊತ್ತುಮಾಡಿತು, ಆ ಗಾತ್ರದಿಂದ ಬಂದ ಅಳತೆಯೇ ಮುಂದೆ ಜಗತ್ತಿಗೆಲ್ಲ ರೂಢಿಯಾಯಿತು.

ವಯರುಗಳ ವಿಚಾರಕ್ಕೆ ಬಂದರೆ, ಪ್ಲಾಸ್ಟಿಕ್ ಅಚ್ಚಿನ ಮಿತಿಯೇ ಕಿಟ್ಟಿನ ಮಿತಿ. ನಿಜವಾದ ಎಂ113ರ ಒಳಗೋಡೆಗಳ ಮೇಲೆ ದೀಪ, ರೇಡಿಯೊ, ಇಂಟರ್‌ಕಾಂ ಪೆಟ್ಟಿಗೆಗಳಿಗೆ ಹೋಗುವ ಕೇಬಲ್‌ಗಳು ಎದ್ದು ಕಾಣುತ್ತವೆ. ಕಿಟ್ಟಿನ ಗೋಡೆ ಬೋಳು. ಹತ್ತು ಮಿ.ಮೀ. ದಪ್ಪದ ಕೇಬಲ್ ಈ ಅಳತೆಯಲ್ಲಿ 0.3 ಮಿ.ಮೀ. ಆಗುತ್ತದೆ, ಮತ್ತು ಅದಕ್ಕೆ ವಿದೇಶದಿಂದ ಸೀಸದ ತಂತಿ ತರಿಸಬೇಕಾಗಿಲ್ಲ. ತೋಟದ ಪಂಪ್‌ಸೆಟ್ ಮೋಟಾರುಗಳನ್ನು ರೀವೈಂಡ್ ಮಾಡುವ ಅಂಗಡಿ ಮಲೆನಾಡಿನ ಯಾವ ಪೇಟೆಯಲ್ಲಿಲ್ಲ? 30ನೇ ಗೇಜಿನ ಎನಾಮೆಲ್ ತಾಮ್ರದ ತಂತಿ 0.315 ಮಿ.ಮೀ. ದಪ್ಪ, ಬೇಕಾದಂತೆ ಬಾಗುತ್ತದೆ, ಬಾಗಿದ ಮೇಲೆ ಹಾಗೆಯೇ ನಿಲ್ಲುತ್ತದೆ. ವೈಂಡಿಂಗ್ ಅಂಗಡಿಯವರು ಉಳಿದ ತುಂಡನ್ನು ಸುಮ್ಮನೆ ಕೊಟ್ಟುಬಿಡುತ್ತಾರೆ. ‘ಇಷ್ಟರಲ್ಲಿ ಎಂಥ ಮೋಟಾರ್ ಕಟ್ತೀರಿ ಮಾರಾಯ್ರೆ’ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸಿದ್ಧವಾಗಿಟ್ಟುಕೊಂಡು ಹೋಗಬೇಕು. ಕೇಬಲ್ಲನ್ನು ಗೋಡೆಗೆ ಹಿಡಿದಿಡುವ ಪಟ್ಟಿಗಳಿಗೆ ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿಯ ಅಲ್ಯೂಮಿನಿಯಂ ಹಾಳೆ ಸಾಕು.

ರೇಡಿಯೊ ಸಾಮಾನ್ಯವಾಗಿ ಎಡಪಕ್ಕದಲ್ಲಿ, ಚಾಲಕನ ಹಿಂದೆ ಕೂರುತ್ತದೆ. ರ‍್ಯಾಂಪಿನಿಂದ ನೋಡುವವನ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ಕಾಲಕ್ಕೆ ತಕ್ಕ ರೇಡಿಯೊ ಇಡುವುದು ಒಳಭಾಗದ ಅತಿ ಮುಖ್ಯ ನಿರ್ಧಾರವೆಂದು ನನ್ನ ಎಣಿಕೆ. 1960ರ ದಶಕದ ಆರಂಭದ ವಾಹನಗಳಲ್ಲಿ ಜಿಆರ್‌ಸಿ ಸರಣಿಯ ಹಳೆಯ ಸೆಟ್‌ಗಳಿದ್ದವು. ಅನಂತರ ವಿಆರ್‌ಸಿ-12 ಕುಟುಂಬ ಬಂತು. ಈ ಕುಟುಂಬದಲ್ಲೂ ಆರ್‌ಟಿ-524ರ ಮುಖದಲ್ಲಿ ಧ್ವನಿವರ್ಧಕದ ಜಾಲರಿ ಇದ್ದರೆ, ಆರ್‌ಟಿ-246ರ ಮುಖದಲ್ಲಿ ಮೊದಲೇ ಹೊಂದಿಸಿಟ್ಟ ಹತ್ತು ಚಾನೆಲ್ಲುಗಳ ಒತ್ತುಗುಂಡಿಗಳಿವೆ. 1968ರ ಎಸಿಎವಿ ಕಟ್ಟುವವರು ಇವೆರಡರಲ್ಲಿ ಒಂದನ್ನು ಆರಿಸಿಕೊಂಡರೆ ಆಯಿತು, ಎರಡನ್ನೂ ಬೆರೆಸಿದ ಕಲ್ಪನೆಯ ಪೆಟ್ಟಿಗೆಯನ್ನಲ್ಲ. ಕಿಟ್ ಕೊಟ್ಟದ್ದನ್ನೇ ನಂಬಿ ಕೂರದೆ, ರೆಸಿನ್ ಅಥವಾ 3ಡಿ ಮುದ್ರಣದ ಬಿಡಿ ರೇಡಿಯೊ ಒಂದನ್ನು ಕೊಳ್ಳುವುದಕ್ಕೆ ಖರ್ಚು ಮಾಡಬಹುದಾದ ಜಾಗ ಇದೊಂದೇ. ಉಳಿದದ್ದೆಲ್ಲ ಮನೆಯಲ್ಲೇ ಆಗುತ್ತದೆ.

ಗುಂಡಿನ ಡಬ್ಬಗಳ ಅಳತೆಯಲ್ಲಿ ಎಚ್ಚರ ಬೇಕು. ದೊಡ್ಡ ಮೆಷಿನ್‌ಗನ್ನಿನ 100 ಗುಂಡು ಹಿಡಿಯುವ ಉಕ್ಕಿನ ಡಬ್ಬ ಸುಮಾರು 30 ಸೆಂ.ಮೀ. ಉದ್ದ, 19 ಸೆಂ.ಮೀ. ಎತ್ತರ, ಹದಿನೈದೂವರೆ ಸೆಂ.ಮೀ. ಅಗಲ, ಮಾದರಿಯಲ್ಲಿ ಅದು ಎಂಟೂವರೆ, ಐದೂವರೆ, ನಾಲ್ಕೂವರೆ ಮಿ.ಮೀ.ಗೆ ಹತ್ತಿರ. ಎಂ60ರ ಡಬ್ಬ ಇದಕ್ಕಿಂತ ಕಿರಿದು. ಎರಡೂ ಗಾತ್ರಗಳು ಒಟ್ಟಿಗೆ ಇದ್ದರೆ ನೆಲದ ಮೇಲಿನ ರಾಶಿ ನಂಬುವಂತಿರುತ್ತದೆ, ಒಂದೇ ಗಾತ್ರದವನ್ನು ಸಾಲಾಗಿ ಜೋಡಿಸಿದರೆ ಗೋದಾಮು ಆಗಿಬಿಡುತ್ತದೆ. ಮರಳುಚೀಲಗಳನ್ನು ಎಪಾಕ್ಸಿ ಪುಟ್ಟಿಯಿಂದ ಮಾಡಿಕೊಳ್ಳಬಹುದು. ಇದೇ ಪುಟ್ಟಿಯನ್ನು ಅಚ್ಚಿನ ಪಿನ್ನುಗಳು ಗೋಡೆಯ ಮೇಲೆ ಬಿಟ್ಟ ದುಂಡು ಗುರುತುಗಳಿಗೆ ಬಳಸಬಾರದು, ಏಕೆಂದರೆ ಅಷ್ಟು ಆಳವಿಲ್ಲದ ಗುಂಡಿಯಲ್ಲಿ ಅದು ನಿಲ್ಲದೆ ಉಜ್ಜುವಾಗ ಎದ್ದುಬರುತ್ತದೆ. ಸ್ಪ್ರೂವಿನ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನ) ಚೂರುಗಳನ್ನು ಪ್ಲಾಸ್ಟಿಕ್ ಅಂಟಿನಲ್ಲಿ ಕರಗಿಸಿ ತುಂಬಿ, ಚೆನ್ನಾಗಿ ಒಣಗಿದ ಮೇಲೆ ಉಜ್ಜುವುದು ಸರಿಯಾದ ಕ್ರಮ. ಬೆಂಚು ಗೋಡೆಗೆ ಅಂಟುವ ಮೊದಲೇ ಈ ಕೆಲಸ ಮುಗಿಯಬೇಕು.

ಇನ್ನು ಬಣ್ಣ. ಎರಡನೇ ಮಹಾಯುದ್ಧದ ಅಮೆರಿಕನ್ ಟ್ಯಾಂಕುಗಳ ಒಳಗು ಬಿಳಿಯಾಗಿರುತ್ತಿತ್ತು. ಎಂ113ರ ಒಳಗು ಎಂದರೆ ಮಾದರಿಕಾರರಿಗೆ ಕೂಡಲೇ ನೆನಪಾಗುವುದು ಸೀಫೋಮ್ ಗ್ರೀನ್ ಎನ್ನುವ ತಿಳಿಹಸಿರು. ನಮ್ಮ ಹಳೆಯ ಸರ್ಕಾರಿ ಆಸ್ಪತ್ರೆಗಳ ಗೋಡೆಗೆ ಬಳಿಯುತ್ತಿದ್ದ ಹಸಿರನ್ನು ಕಂಡವರಿಗೆ ಈ ಛಾಯೆಯನ್ನು ಬೇರೆ ವಿವರಿಸಬೇಕಾಗಿಲ್ಲ. ಬಿಳಿಗೆ ಸ್ವಲ್ಪ ಹಸಿರು, ಕಣ್ಣಿಗೆ ಕಾಣದಷ್ಟು ಬೂದು ಸೇರಿಸಿದರೆ ಬರುತ್ತದೆ. ಹಸಿರು ಒಂದು ಹನಿ ಹೆಚ್ಚಾದರೂ ಪೆಪ್ಪರ್‌ಮಿಂಟಿನ ಬಣ್ಣವಾಗುತ್ತದೆ, ಜಾಗ್ರತೆ. ಹ್ಯಾಚ್‌ಗಳ ಒಳಮೈಗೆ ಈ ತಿಳಿಹಸಿರು ಹಚ್ಚಬಾರದು: ತೆರೆದಿಟ್ಟಾಗ ದೂರದಿಂದ ಹೊಳೆದು ಕಾಣಬಾರದೆಂದು ಅವಕ್ಕೆ ಹೊರಗಿನ ಕಡುಹಸಿರನ್ನೇ ಬಳಿಯುವುದು ಸೇನೆಯ ಪದ್ಧತಿ. ಆಸನದ ಹೊದಿಕೆಗೂ ಕಡುಹಸಿರು, ಆದರೆ ಹೊರಮೈಯದಕ್ಕಿಂತ ಬೇರೆಯದೊಂದು ಛಾಯೆ ಇರಲಿ, ಇಲ್ಲವಾದರೆ ಬಟ್ಟೆಯೂ ಲೋಹವೂ ಒಂದೇ ಆಗಿ ಕಾಣುತ್ತವೆ. ರ‍್ಯಾಂಪಿನ ಬಾಗಿಲ ಸುತ್ತ ನೀರು ತಡೆಯುವ ರಬ್ಬರಿನ ಕಪ್ಪು ಗೆರೆಯನ್ನು ಸಣ್ಣ ಕುಂಚದಿಂದ ಎಳೆದರೆ, ಇದು ತೇಲುವ ವಾಹನವೆಂಬ ವಿವರ ಸದ್ದಿಲ್ಲದೆ ಸೇರಿಕೊಳ್ಳುತ್ತದೆ.

ಸವೆತ ತೋರಿಸುವಾಗ ಹೆಚ್ಚಿನವರು ಎಡವುವ ಸ್ಥಳ ಒಂದಿದೆ, ಅದು ತುಕ್ಕು. ಟ್ಯಾಂಕು ಎಂದರೆ ತುಕ್ಕು ಎಂಬ ಅಭ್ಯಾಸಬಲದಿಂದ ಎಂ113ರ ನೆಲಕ್ಕೂ ರ‍್ಯಾಂಪಿಗೂ ಕಂದುಬಣ್ಣದ ಇಳಿಗೆರೆಗಳನ್ನು ಹಾಕಿರುತ್ತಾರೆ. ಅಲ್ಯೂಮಿನಿಯಂ ಹಾಗೆ ತುಕ್ಕು ಹಿಡಿಯುವುದಿಲ್ಲ. ಬೂಟಿನ ತುಳಿತಕ್ಕೆ ನೆಲದ ಗೀರುತಟ್ಟೆಯ ಬಣ್ಣ ಹೋದ ಕಡೆ ಮಂಕಾದ ಬೆಳ್ಳಿಯ ಹೊಳಪು ಕಾಣಬೇಕು. ತುಕ್ಕಿಗೆ ಹಕ್ಕಿರುವುದು ಗುಂಡಿನ ಡಬ್ಬ, ಸರಪಳಿ, ಬೋಲ್ಟು ಮುಂತಾದ ಉಕ್ಕಿನ ವಸ್ತುಗಳಿಗೆ ಮಾತ್ರ. ಮೆತ್ತನೆಯ ಪೆನ್ಸಿಲ್ಲಿನ ಸೀಸವನ್ನು ಬೆರಳಿನಿಂದ ಉಜ್ಜಿದರೆ ಆ ಹೊಳಪು ಬರುತ್ತದೆ.

ಮಣ್ಣಿನ ವಿಷಯದಲ್ಲಿ ಮಲೆನಾಡಿನವರಿಗೆ ಒಂದು ಅನುಕೂಲವಿದೆ. 11ನೇ ಕ್ಯಾವಲ್ರಿಯ ನೆಲೆಯಿದ್ದ ಶ್ವಾನ್ ಲೋಕ್ ಸುತ್ತಿನ ಮಣ್ಣು ಕಬ್ಬಿಣದ ಅಂಶದಿಂದ ಕೆಂಪಾದದ್ದು, ಒಣಗಿದರೆ ಎಲ್ಲದರ ಮೇಲೂ ಕೂರುವ ನುಣುಪು ದೂಳು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಜಂಬಿಟ್ಟಿಗೆಯ ಪುಡಿಯನ್ನು ತೆಳುಬಟ್ಟೆಯಲ್ಲಿ ಸೋಸಿ, ಕುಂಚದಿಂದ ಮೂಲೆಗಳಿಗೆ ಹಾಕಿ, ಮ್ಯಾಟ್ ವಾರ್ನಿಷಿನಿಂದ ನಿಲ್ಲಿಸಿದರೆ, ಡಬ್ಬದಲ್ಲಿ ಮಾರುವ ಯಾವ ಪಿಗ್ಮೆಂಟೂ ಅದರ ಸಮಕ್ಕೆ ಬಾರದು. ಸೋಸದೆ ಹಾಕಿದರೆ ಒಂದೊಂದು ಕಣವೂ ಈ ಅಳತೆಯಲ್ಲಿ ಜಲ್ಲಿಕಲ್ಲಾಗುತ್ತದೆ. ಆದರೆ ಆಪ್ ಬಾಕ್ ಇರುವುದು ಮೆಕಾಂಗ್ ನದಿಯ ಮುಖಜಭೂಮಿಯಲ್ಲಿ. ಅಲ್ಲಿನ ಗದ್ದೆಯ ಕೆಸರು ಬೂದುಗಂದು. ದಕ್ಷಿಣ ವಿಯೆಟ್ನಾಮಿನ ಗುರುತುಗಳಿರುವ ವಾಹನವನ್ನು ಆ ಪ್ರದೇಶದ್ದೆಂದು ತೋರಿಸುತ್ತ ಒಳಗೆ ಕೆಮ್ಮಣ್ಣು ಸುರಿಯುವುದು ತಪ್ಪು, ನಮ್ಮೂರ ಮಣ್ಣಿನ ಮೇಲೆ ಎಷ್ಟೇ ಮೋಹವಿದ್ದರೂ.

ನಮ್ಮ ಹವೆಗೆ ಸಂಬಂಧಿಸಿದ ಒಂದು ತೊಡಕನ್ನೂ ಹೇಳಬೇಕು. ಮೇಲಿನ ತಿಳಿಹಸಿರಿನಂಥ ಮಾಸಲು ಬಣ್ಣಗಳ ಮೇಲೆ ಎದ್ದು ಕಾಣದಿದ್ದರೂ, ಹೊರಮೈಯ ಕಡುಹಸಿರಿನ ಮೇಲೆ ಮಳೆಗಾಲದ ತೇವ ನಿಚ್ಚಳವಾಗಿ ಕಾಣುತ್ತದೆ. ಲ್ಯಾಕರ್ ಬಣ್ಣದಲ್ಲಿನ ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ನೀರಾವಿ ಅದರ ಮೇಲೆ ಇಳಿದು, ಬಣ್ಣ ಬಿಳುಚಿಕೊಳ್ಳುತ್ತದೆ. ಆಗುಂಬೆಯ ಸುತ್ತಮುತ್ತ ಜೂನಿನಿಂದ ಸೆಪ್ಟೆಂಬರಿನವರೆಗೆ ಏರ್‌ಬ್ರಷ್ಷಿನಲ್ಲಿ ಲ್ಯಾಕರ್ ಹೊಡೆಯುವುದಾದರೆ ನಿಧಾನವಾಗಿ ಆರಿಸುವ ರಿಟಾರ್ಡರ್ ಬೆರೆಸಲೇಬೇಕು. ಒಳಭಾಗವಿರುವ ಕಿಟ್‌ಗಳಿಗೆ ಈ ಕಾಲ ಇನ್ನೊಂದು ರೀತಿಯಲ್ಲಿ ಹೊಂದುತ್ತದೆ: ಒಳಗಿನ ಕೆಲಸ ಬಹುಪಾಲು ಕುಂಚದ್ದು, ನೀರಿನಲ್ಲಿ ಕರಗುವ ಅಕ್ರಿಲಿಕ್ಕಿನದು. ಮಳೆಗಾಲದಲ್ಲಿ ಒಳಭಾಗವನ್ನು ಮುಗಿಸಿ, ಕೆಳ ಒಡಲಿಗೆ ಮೇಲ್ಭಾಗವನ್ನು ಅಂಟಿಸಿ, ತೆರೆದ ಜಾಗಗಳನ್ನು ಟೇಪು ಮತ್ತು ಸ್ಪಂಜಿನಿಂದ ಮುಚ್ಚಿಟ್ಟು, ದೀಪಾವಳಿಯ ಹೊತ್ತಿಗೆ ಹೊರಬಣ್ಣಕ್ಕೆ ಕೈಹಾಕಿದರೆ ಎರಡೂ ಸರಿಹೋಗುತ್ತವೆ. ವಾಹನದ ಗುರುತುಗಳಿರುವ ಡೆಕಾಲ್ (ಅಂಟುಚಿತ್ರ) ಹಾಳೆಯನ್ನು ಮಾತ್ರ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬದಲ್ಲಿಡಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ಹೊರಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವೈನಿಲ್ ಪಟ್ಟಿಯ ಟ್ರ್ಯಾಕ್‌ಗಳು ಹಳೆಯ ಕಾಲದವು. ಮೇಲಿನ ಓಟದಲ್ಲಿ ನಿಜವಾದ ಟ್ರ್ಯಾಕಿನ ಭಾರದ ಇಳಿಬೀಳು ಅವಕ್ಕಿಲ್ಲ, ಆದರೆ ಪಕ್ಕದ ರಬ್ಬರ್ ತೆರೆಗಳನ್ನು ಹಾಕಿದರೆ ಆ ಕೊರತೆ ಮರೆಯಾಗುತ್ತದೆ. ಪೆರಿಸ್ಕೋಪುಗಳ ಗಾಜಿಗೆ ಬೆಳ್ಳಿಯ ಮೇಲೆ ಪಾರದರ್ಶಕ ಹಸಿರು ಹಚ್ಚಿದರೆ ಸಾಕು.

ಇದೇ ವಾಹನವನ್ನು ತೈವಾನಿನ ಎಎಫ್‌ವಿ ಕ್ಲಬ್ ಕೂಡ ಇದೇ ಅಳತೆಯಲ್ಲಿ ಮಾಡಿದೆ. ಅದು ಅನಂತರದ ಕಿಟ್, ಅಚ್ಚು ಇನ್ನೂ ಸೂಕ್ಷ್ಮ, ಭಾಗಗಳು ಹೆಚ್ಚು, ಬೆಲೆಯೂ ಹೆಚ್ಚು. ಪೆಟ್ಟಿಗೆಯಲ್ಲಿ ಬಂದದ್ದನ್ನೇ ಚೊಕ್ಕಟವಾಗಿ ಕಟ್ಟಿ ಮುಗಿಸಬೇಕೆನ್ನುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಬೆಂಚು ಕತ್ತರಿಸಲು, ತಂತಿ ಬಾಗಿಸಲು, ಗೋಡೆಗೆ ರಂಧ್ರ ಕೊರೆಯಲು ಕೈ ತುಡಿಯುವವರಿಗೆ ಅಕಾಡೆಮಿಯ ಕಿಟ್ ಹೆಚ್ಚು ಹೊಂದುತ್ತದೆ. ಕಡಿಮೆ ಬೆಲೆಯ ವಸ್ತುವಿನ ಮೇಲೆ ಕತ್ತರಿ ಇಡುವಾಗ ಕೈ ನಡುಗುವುದಿಲ್ಲ ಎಂಬುದೂ ಒಂದು ಗುಣವೇ. ರ‍್ಯಾಂಪನ್ನು ಮುಚ್ಚಿಯೇ ಇಡುವ ಉದ್ದೇಶವಿದ್ದವರು ಎರಡನ್ನೂ ಬಿಟ್ಟು ಒಳಭಾಗವಿಲ್ಲದ ಬೇರೆ ವಾಹನವನ್ನು ಆರಿಸಿಕೊಳ್ಳುವುದು ಲೇಸು.